ಹೊಸ ಮರದ ಮೊದಲ ಮಡಕೆ

ವಾದಿ ಕಬೀರ್, ಮಸ್ಕತ್
೧೩ ನವೆಂಬರ್ ೧೯೯೨, ಶುಕ್ರವಾರ

ಪ್ರೀತಿಯ ಕೊಗ್ಗಣ್ಣಾ,

ನಿನ್ನ ಕಾಲು ಹೇಗಿದೆ? ಚಳಿ ಶುರುವಾದರೆ ನೋವು ಮೊಣಕಾಲಿನಿಂದ ಸೊಂಟಕ್ಕೆ ಏರುತ್ತದೆಂದು ಗೊತ್ತಿರುವುದರಿಂದ ಮೊದಲು ಅದನ್ನೇ ಕೇಳುತ್ತಿದ್ದೇನೆ. ಹೋದ ಸಲ ಕಳಿಸಿದ ನೋವಿನ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಅಥವಾ ಬಂದವರಿಗೆಲ್ಲ ‘ಗಲ್ಫಿನದ್ದು, ಮೂಸಿ ನೋಡಿ’ ಎಂದು ತೋರಿಸಿಯೇ ಖಾಲಿ ಮಾಡಿದೆಯೋ? ಅಮ್ಮನ ಕಣ್ಣಿಗೆ ಹನಿ ಹಾಕುವುದನ್ನು ಮರೆಯಬೇಡಿ. ಬೇಡ ಎಂದು ಅವಳು ಮುಖ ತಿರುಗಿಸಿದರೆ ಹರಿಣಾಕ್ಷಿಯ ಕೈಯಲ್ಲಿ ಹಾಕಿಸಿ, ಮೊಮ್ಮಗಳ ಮಾತಿಗೆ ಅವಳು ಇಲ್ಲ ಅನ್ನುವುದಿಲ್ಲ. ನಾನು ಇಲ್ಲಿ ಗಟ್ಟಿಯಾಗಿದ್ದೇನೆ. ಬಿಸಿಲು ಸ್ವಲ್ಪ ಇಳಿದಿದೆ, ರೂಮಿನಲ್ಲಿ ಏಸಿ ನಿಲ್ಲಿಸಿ ಕಿಟಕಿ ತೆರೆಯುವ ಕಾಲ ಬಂದಿದೆ. ಕೆಳಗಿನ ಗ್ಯಾರೇಜಿನಲ್ಲಿ ಶುಕ್ರವಾರ ಸುತ್ತಿಗೆಯ ಸದ್ದಿಲ್ಲ. ಜತೆಗಿರುವ ನಾಲ್ವರಲ್ಲಿ ಮೂವರು ಮಲಗಿದ್ದಾರೆ. ನಾಲ್ಕನೆಯವನು ಆಸ್ವಾಲ್ಡ್, ಶಿರ್ವದವನು, ನಮ್ಮ ಹೋಟೆಲಿನ ಬಾರಿನ ಕ್ಯಾಪ್ಟನ್. ಅವನು ಇವತ್ತೇ ರಜೆಯಲ್ಲಿ ಊರಿಗೆ ಹೊರಟಿದ್ದಾನೆ, ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಾನೆ. ಈ ಕಾಗದವನ್ನು ಅವನೇ ಮನೆಗೆ ತಂದುಕೊಡುತ್ತಾನೆ. ಅವನಿಗೆ ಎಳನೀರು ಕೊಡದೆ ಕಳಿಸಬೇಡಿ.

ಕಾಗದ ಓದುವವಳು ಮೋಹಿನಿ ಎಂದು ಗೊತ್ತು. ನಾನು ಶಾಲೆಗೆ ಹೋಗಲಿ ಎಂದು ನೀನು ಮರ ಹತ್ತಿದವನು, ಅದಕ್ಕೇ ನಿನ್ನ ಹೆಸರಿಗೆ ಬರುವ ಕಾಗದವನ್ನು ನನ್ನ ಹೆಂಡತಿ ಓದಿ ಹೇಳಬೇಕಾಗಿದೆ. ಆ ಜಗಲಿ ಇಲ್ಲಿಂದಲೇ ನನಗೆ ಕಾಣುತ್ತದೆ. ನೀನು ಬೀಡಿ ಎಲೆ ತುಂಬಿದ ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿರುತ್ತೀ, ಅಮ್ಮ ಕಂಬದ ಹತ್ತಿರ ಕಾಲು ನೀಡಿರುತ್ತಾಳೆ, ಪಕ್ಕದ ಮನೆಯ ಪದ್ಮಮ್ಮ ತನ್ನ ತಡ್ಪೆಯನ್ನೂ ಎತ್ತಿಕೊಂಡು ಬಂದು ಕೂತಾಗಿರುತ್ತದೆ. ಪದ್ಮಮ್ಮ, ನಮಸ್ಕಾರ. ಸೊಸೆಗೆ ಹೆರಿಗೆಯಾಯಿತೇ? ನನ್ನ ಕಾಗದದ ಸುದ್ದಿ ಅದೇ ಸಂಜೆ ಸೇತುವೆಯ ಆಚೆಗೂ ಮುಟ್ಟುತ್ತದೆ, ಅಂಚೆಯವನಿಗಿಂತ ನಿಮ್ಮ ಕಾಲು ಚುರುಕು ಎಂದು ಮೋಹಿನಿ ಬರೆದಿದ್ದಳು. ಬೇಸರ ಮಾಡಬೇಡಿ, ತಮಾಷೆಗೆ ಹೇಳಿದೆ. ಮೋಹಿನಿಗೆಂದು ಬೇರೆ ಚೀಟಿ ಇಟ್ಟಿದ್ದೇನೆ, ಅದನ್ನು ಯಾರೂ ಓದಿಸಿ ಕೇಳಬೇಕಾಗಿಲ್ಲ. ಹೀಗೆ ನಾಲ್ಕು ಜನ ಕೇಳುವ ಕಾಗದದಲ್ಲಿ ಕೆಲವು ಮಾತು ಬರೆಯಲು ಕೈ ಬರುವುದಿಲ್ಲ ಅಣ್ಣಾ. ಹನ್ನೊಂದು ವರ್ಷದಿಂದ ನಿನಗೆ ಒಂದು ಮಾತು ಬರೆಯಬೇಕೆಂದು ಕೂರುತ್ತೇನೆ, ಹವೆಯ ವಿಷಯ, ಸಂಬಳದ ವಿಷಯ ಬರೆದು ಮುಗಿಸುತ್ತೇನೆ.

ಅಮ್ಮ ಬರೆಸಿದ ಕಾಗದ ಹೋದ ಶನಿವಾರ ಬಂತು. ಬರುವ ಮಾಯಿ ತಿಂಗಳಲ್ಲಿ ಗರಡಿಯ ದೈವದ ನೇಮಕ್ಕೆ ಹೊಸ ಮರದ ಮೊದಲ ಕಳ್ಳಿನ ಮಡಕೆ ಒಯ್ಯುವ ಸರದಿ ನಮ್ಮ ಮನೆಯದ್ದು, ಅಪ್ಪ ತೀರಿಕೊಂಡ ಮೇಲೆ ಬರುವ ಮೊದಲ ಸರದಿ, ಈ ಸಲ ಮಗ ಹಿಡಿಯಬೇಕು ಎಂದು ಬರೆಸಿದ್ದಾಳೆ. ಮುಂದಿನ ಸಾಲನ್ನು ಅವಳ ಮಾತಿನಲ್ಲೇ ಹಾಕಿದ್ದಾಳೆ ಮೋಹಿನಿ: ‘ಕೊಗ್ಗ ಮುಟ್ಟುವ ಹಾಗಿಲ್ಲ. ಸಂಕಪ್ಪ ರಜೆ ಮಾಡಿ ಬರಲಿ. ಸಾರಾಯಿ ಸುರಿಯುವ ಜಾಗದಲ್ಲಿ ಕೆಲಸ ಮಾಡಿಯೂ ಒಂದು ಹನಿ ನಾಲಿಗೆಗೆ ಮುಟ್ಟಿಸದವನು ನನ್ನ ಚಿಕ್ಕ ಮಗ.’ ಆ ಸಾಲನ್ನು ಮೂರು ಸಲ ಓದಿದೆ. ಮೋಹಿನಿ ಅದನ್ನು ಬರೆಯುವಾಗ ನೀನು ಅಲ್ಲೇ ಬೀಡಿ ಕಟ್ಟುತ್ತ ಕೂತಿದ್ದೆಯಲ್ಲ? ತಲೆ ತಗ್ಗಿಸಿ ನಕ್ಕಿರಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳನನ್ನು ಹೊಗಳಿ ಬರೆದಿದ್ದಾರೆ, ನಾನು ಆದರೂ ಹೆಗಲು ಮುಟ್ಟಿಕೊಂಡೆ.

ಅಮ್ಮನ ಕಾಗದ ಜೇಬಿನಲ್ಲಿದ್ದ ಆ ವಾರವೇ ಹೋಟೆಲಿನಲ್ಲಿ ನಡೆದದ್ದನ್ನು ಹೇಳಬೇಕು. ಫ್ರಾನ್ಸ್ ದೇಶದ ದಕ್ಷಿಣದ ಕಡೆಯಿಂದ ಒಬ್ಬ ಹೆಂಗಸು ಬಂದಿದ್ದರು, ಮದಾಂ ಸೊಲಾಂಜ್ ಎಂದು ಹೆಸರು. ಅಮ್ಮನಿಗಿಂತ ಹತ್ತು ವರ್ಷ ಚಿಕ್ಕವರಿರಬಹುದು, ಕೈ ನೋಡಿದರೆ ಮಣ್ಣಿನಲ್ಲಿ ಕೆಲಸ ಮಾಡಿದವರೆಂದು ಗೊತ್ತಾಗುತ್ತದೆ. ಅವರದ್ದು ದ್ರಾಕ್ಷಿಯ ತೋಟ. ದ್ರಾಕ್ಷಿ ಬೆಳೆದು, ಅಲ್ಲೇ ಹಿಂಡಿ, ಅಲ್ಲೇ ಬಾಟಲಿ ತುಂಬಿಸುತ್ತಾರೆ. ಅವರ ಬಿಳಿ ವೈನನ್ನು ನಮ್ಮ ಹೋಟೆಲಿನ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ರುಚಿ ನೋಡುವ ಕೆಲಸ. ಸಾಮಾನ್ಯವಾಗಿ ಅದಕ್ಕೆ ಕೂರುವವನು ಆಸ್ವಾಲ್ಡ್. ಅವತ್ತು ಅವನಿಗೆ ನೆಗಡಿ, ಮೂಗು ಪೂರ್ತಿ ಕಟ್ಟಿತ್ತು. ‘ಸಂಕಪ್ಪಾ, ನನ್ನ ಮೂಗು ಖಲಾಸ್ ಮಾರಾಯಾ, ನೀನು ಹೋಗು. ಕುಡಿಯುವುದು ಬೇಡ, ಉಗುಳಿದರೆ ಆಯ್ತು’ ಎಂದು ನನ್ನನ್ನು ಮುಂದೆ ತಳ್ಳಿದ. ಹೌದು, ನಂಬಿದರೆ ನಂಬು, ಇವರು ರುಚಿ ನೋಡುವಾಗ ನುಂಗುವುದಿಲ್ಲ. ಬಾಯಿಗೆ ಹಾಕಿ, ಅತ್ತಿಂದಿತ್ತ ಆಡಿಸಿ, ಪಕ್ಕದ ಬೆಳ್ಳಿ ಬಣ್ಣದ ಬಕೆಟಿಗೆ ಉಗುಳುತ್ತಾರೆ. ಟೈ ಕಟ್ಟಿದ ನಮ್ಮ ಸ್ವಿಸ್ ಮ್ಯಾನೇಜರ್ ಬಗ್ಗಿ ಪಿಚಕ್ಕೆಂದು ಉಗುಳಿದ್ದು ನೋಡಿ ನನಗೆ ಅಮ್ಮನ ತಾಂಬೂಲ ನೆನಪಾಯಿತು. ಅಮ್ಮ ಅಂಗಳದ ಆ ತುದಿಯ ದಾಸವಾಳಕ್ಕೆ ಗುರಿಯಿಟ್ಟು ಉಗುಳುವಷ್ಟು ಚಂದ ಇವನಿಗೆ ಬರುವುದಿಲ್ಲ.

ಮಧ್ಯಾಹ್ನ ಊಟದ ಗಿರಾಕಿಗಳು ಹೋದ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು, ತಣ್ಣಗಿನ ಬಾಟಲಿ, ಗ್ಲಾಸಿನ ಮೂರನೇ ಒಂದು ಪಾಲಿನಷ್ಟು ವೈನು. ಬಣ್ಣ ಒಣ ಹುಲ್ಲು ನೆನೆಸಿದ ನೀರಿನಂತೆ, ಏನೂ ವಿಶೇಷವಿಲ್ಲ. ಮೂಗಿನ ಹತ್ತಿರ ತಂದೆ ನೋಡು, ಅಣ್ಣಾ, ಕೈ ನಿಂತುಹೋಯಿತು. ಮೊದಲು ಸುರಗಿ ಹೂ ಬಂತು. ಒಣಗಿದ ಸುರಗಿಯಲ್ಲ, ಬೆಳಿಗ್ಗೆ ಮರದ ಬುಡದಲ್ಲಿ ಆಯುವ ಹಸಿ ಸುರಗಿ. ಅದರ ಹಿಂದೆ ಆಗತಾನೆ ಬಿಚ್ಚಿದ ಜೇನುತಟ್ಟಿ. ಆಮೇಲೆ ಇಲ್ಲಿಯ ಗುಡ್ಡದ ಮೇಲೆ ಬೆಳೆಯುವ ಮಿಶ್‌ಮಿಶ್ ಎಂಬ ಹಣ್ಣು, ಹೋದ ವರ್ಷ ಒಣಗಿಸಿದ್ದನ್ನು ಕಳಿಸಿದ್ದೆನಲ್ಲ, ಅಮ್ಮ ಹುಳಿ ಎಂದು ಸಾರಿಗೆ ಹಾಕಿದಳಲ್ಲ, ಅದು. ಎಲ್ಲದರ ಕೆಳಗೆ ಹೊಸದಾಗಿ ಕೊಯ್ದ ಹೊಂಬಾಳೆಯ ಹಸಿ ವಾಸನೆ. ಮ್ಯಾನೇಜರ್ ಹೇಳು ಎಂದ. ನನಗೆ ಬರುವ ಹೋಟೆಲ್ ಇಂಗ್ಲಿಷಿನಲ್ಲಿ ಹೂವು, ಜೇನು, ಹಣ್ಣು ಎಂದೆ. ಮದಾಂ ಕುರ್ಚಿ ಎಳೆದುಕೊಂಡು ನನ್ನ ಕಡೆ ತಿರುಗಿ ಕೂತರು. ಎರಡನೆಯ ಬಾಟಲಿ ತೆರೆದಾಗ ಬಾಯಿಗೆ ಹಾಕುವ ಮೊದಲೇ ಇದು ಬೇಡ ಎಂದೆ. ಒದ್ದೆ ಗೋಣಿಚೀಲದ ನಾತ. ಮ್ಯಾನೇಜರ್‌ಗೆ ಏನೂ ತಿಳಿಯಲಿಲ್ಲ. ಮದಾಂ ಮೂಸಿ ನೋಡಿ ಹೌದು ಎಂದು ತಲೆಯಾಡಿಸಿ, ಬಿರಡೆ ಕೆಟ್ಟಿದೆ ಎಂದು ತಾವೇ ಅದನ್ನು ಪಕ್ಕಕ್ಕೆ ಇಟ್ಟರು. ಮಡಕೆಯನ್ನು ಹೊಗೆ ಹಾಕಿ ಒಣಗಿಸದೆ ಮರಕ್ಕೆ ಕಟ್ಟಿದರೆ ಕಳ್ಳಿಗೆ ಎಂಥ ವಾಸನೆ ಬರುತ್ತದೆಂದು ಅಪ್ಪ ನಮ್ಮಿಬ್ಬರ ಮೂಗಿಗೆ ಮಡಕೆ ಹಿಡಿದು ಹಿಡಿದು ಕಲಿಸಿದ್ದು ಮಸ್ಕತ್‌ನಲ್ಲಿ ಕೆಲಸಕ್ಕೆ ಬಂತು.

ಮೊದಲನೆಯ ಬಾಟಲಿಯಿಂದಲೇ ಮತ್ತೆ ಸುರಿದರು. ಮೊದಲ ಗುಟುಕನ್ನು ಉಗುಳಿದ್ದೆ. ಎರಡನೆಯದನ್ನು ನುಂಗಿದೆ. ಬೇಕೆಂದು ನುಂಗಿದೆ, ಗಂಟಲು ತಪ್ಪಿ ಹೋದದ್ದಲ್ಲ. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ. ಅಮ್ಮಾ, ನಿನ್ನ ಚಿಕ್ಕ ಮಗನ ನಾಲಿಗೆಗೆ ಹನಿ ಮುಟ್ಟಿಯಾಯಿತು, ಇನ್ನು ಆ ಹೊಗಳಿಕೆ ನನಗೆ ಬೇಡ. ನುಂಗಿದ ಮೇಲೆ ಒಳ್ಳೆಯದಾಗಿತ್ತೇ ಎಂದು ಕೇಳಿದರೆ, ಸುಳ್ಳು ಹೇಳುವುದಿಲ್ಲ, ತುಂಬ ಒಳ್ಳೆಯದಾಗಿತ್ತು. ಅದಕ್ಕೇ ಕಣ್ಣಲ್ಲಿ ನೀರು ಬಂತು. ಇದನ್ನು ಎಲ್ಲಿ ಕಲಿತೆ ಎಂದು ಮದಾಂ ಕೇಳಿದರು. ನನ್ನ ತಂದೆ ಪೂವಪ್ಪ ಪೂಜಾರಿ, ಮರದಿಂದ ಕಳ್ಳು ಇಳಿಸುವವರು, ಅವರಿಂದ ಎಂದೆ. ಮದಾಂಗೆ ಬಹಳ ಸಂತೋಷವಾಯಿತು. ತಮ್ಮ ತೋಟದಲ್ಲಿ ಹೊಸ ವೈನಿನ ಮೊದಲ ಗ್ಲಾಸನ್ನು ಎಲ್ಲರಿಗಿಂತ ಹಳೆಯ ಕೆಲಸದಾಳಿಗೆ ಕೊಡುತ್ತಾರಂತೆ, ಯಜಮಾನರು ಆಮೇಲೆಯೇ ಕುಡಿಯುವುದಂತೆ. ನಿಮ್ಮಲ್ಲಿ ಮೊದಲ ಪಾಲು ಯಾರಿಗೆ ಎಂದರು. ದೈವಕ್ಕೆ, ಹೊಸ ಮರದ ಮೊದಲ ಮಡಕೆ ಗರಡಿ ಮುಟ್ಟುವವರೆಗೆ ಯಾರ ತುಟಿಗೂ ತಾಗಬಾರದು ಎಂದೆ. ಅವರು ಸುಮ್ಮನೆ ನಗುತ್ತಾ, ಯಾರಾದರೂ ಒಬ್ಬ ಕದ್ದು ಕುಡಿದಿರಬೇಕಲ್ಲ ಎಂದರು. ‘ಯಾರೂ ಇಲ್ಲ ಮದಾಂ’ ಎಂದೆ. ಹಾಗೆ ಹೇಳಿ ಐಸ್ ತರುವ ನೆಪದಲ್ಲಿ ಒಳಗೆ ಹೋಗಿ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಿದೆ.

ನಿನಗೆ ನೆನಪಿಸುವುದು ಬೇಡ ಎಂದುಕೊಂಡೆ. ಆದರೆ ಬರೆಯದೆ ಮುಂದೆ ಹೋಗಲು ಆಗುತ್ತಿಲ್ಲ. ನನಗೆ ಆಗ ಹದಿನಾಲ್ಕು, ನಿನಗೆ ಇಪ್ಪತ್ತು. ಹೊಳೆಬದಿಯ ಹೊಸ ಬೈನೆ ಮರಕ್ಕೆ ಅಪ್ಪ ಮೊದಲ ಸಲ ಮಡಕೆ ಕಟ್ಟಿದ್ದರು, ಆ ವರ್ಷವೂ ಗರಡಿಯ ಸರದಿ ನಮ್ಮದೇ. ಕಾಲಿಟ್ಟು ಹತ್ತಲು ಗೆಣ್ಣು ಉಳಿಸಿದ ಬಿದಿರಿನ ಗಳವನ್ನು ಮರಕ್ಕೆ ಹಗ್ಗದಲ್ಲಿ ಕಟ್ಟಿದ್ದಿರಿ. ಬೆಳಿಗ್ಗೆ ನೀನು ಹತ್ತಿದೆ, ಮಡಕೆಗೆ ಹಗ್ಗ ಕಟ್ಟಿ ಕೆಳಗೆ ಇಳಿಸಿದೆ. ಅಪ್ಪ ಕೈಯಲ್ಲಿ ಹಿಡಿದು ನೋಡಿದರೆ ಅರ್ಧ ಮಡಕೆ ಇಲ್ಲ. ಅವರು ತಲೆ ಎತ್ತಿ ನಿನ್ನನ್ನು ಕೇಳಬೇಕು ಅನ್ನುವಷ್ಟರಲ್ಲಿ ನೀನು ಇಳಿಯುತ್ತಿದ್ದ ಗಳ ಜಾರಿತು. ಅಪ್ಪ ಮಡಕೆ ಬಿಟ್ಟು ಓಡಿದರು, ಅದು ಒಡೆದು ಎಲ್ಲರ ಮೈಮೇಲೂ ಕಳ್ಳು. ಕಲ್ಲಿನ ಮೇಲೆ ಬಿದ್ದಿದ್ದ ನಿನ್ನ ತೊಡೆಯ ಎಲುಬು ಹೊರಗೆ ಕಾಣುತ್ತಿತ್ತು, ಆದರೂ ಅಪ್ಪ ಕೇಳಿದ್ದು ಕಳ್ಳು ಯಾರು ಕುಡಿದದ್ದು ಎಂದು. ದೈವದ ಭಯ ಅವರಿಗೆ ಅಷ್ಟಿತ್ತು. ನೀನು ನನ್ನ ಕಡೆ ಒಮ್ಮೆ ನೋಡಿ ‘ಯಾನೇ’ ಎಂದೆ. ನಾನೇ ಎಂದು, ಅಷ್ಟೇ.

ಅಲ್ಲಿಂದ ಮೇಲೆ ಮರದ ತುದಿಯಲ್ಲೇ ಕುಡಿದು ಬಿದ್ದವನು ಎಂದು ಊರೆಲ್ಲ ಹೇಳಿತು. ದೈವದ ಪಾಲು ಮುಟ್ಟಿದ್ದಕ್ಕೆ ದೈವವೇ ಕಾಲು ಮುರಿಯಿತು ಎಂದಿತು. ಕಾಂತಾವರದ ಕಡೆಯಿಂದ ಬಂದಿದ್ದ ಸಂಬಂಧ ಮುರಿದುಹೋಯಿತು. ಮಂಗಳೂರಿನ ಆಸ್ಪತ್ರೆಯಿಂದ ಮೂರು ತಿಂಗಳ ಮೇಲೆ ಕೋಲು ಹಿಡಿದು ಬಂದ ನಿನಗೆ ಅಪ್ಪ ಸಾಯುವವರೆಗೂ ಗರಡಿಯ ಮಡಕೆ ಮುಟ್ಟಲು ಬಿಡಲಿಲ್ಲ. ನೀನು ಗರಡಿಯ ಮೆಟ್ಟಿಲ ಕೆಳಗೇ ನಿಂತು ಕೈ ಮುಗಿಯುವುದನ್ನು ನೋಡಿ ನೋಡಿ ನಾನು ಬೊಂಬಾಯಿಗೆ ಓಡಿದೆ, ಅಲ್ಲಿಂದ ಇಲ್ಲಿಗೆ. ನಾನು ಕುಡಿಯದವನು ಎಂದು ಎಲ್ಲರೂ ಹೊಗಳುತ್ತಾರೆ. ಅಣ್ಣನನ್ನು ನೋಡಿ ಬುದ್ಧಿ ಕಲಿತ ತಮ್ಮ ಎಂದು ಅಮ್ಮ ಮೋಹಿನಿಯ ಮನೆಯವರಿಗೆ ಹೇಳಿಯೇ ಹೆಣ್ಣು ಕೇಳಿದ್ದು. ನೀನು ಆಗಲೂ ಅಲ್ಲೇ ಕೂತು ವೀಳ್ಯದೆಲೆ ಜೋಡಿಸುತ್ತಿದ್ದೆ. ಅಣ್ಣಾ, ಆ ದಿನ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತ್ತು. ಆದರೂ ಊಟ ಮಾಡಿ ಎದ್ದೆ.

ಮದಾಂ ಹೋಗುವ ಮೊದಲು ಮ್ಯಾನೇಜರ್ ಹತ್ತಿರ ನನ್ನ ವಿಷಯ ಹೇಳಿದ್ದಾರೆ. ಆ ವೈನು ಪಟ್ಟಿಗೆ ಸೇರಿತು, ಅದರ ಕೆಳಗೆ ನಾನು ಹೇಳಿದ ಹೂವು, ಜೇನು, ಗುಡ್ಡದ ಹಣ್ಣು ಎಂಬ ಮಾತುಗಳನ್ನೇ ಹಾಕಿದ್ದಾರೆ. ಒಂದನೇ ತಾರೀಖಿನಿಂದ ವೈನಿನ ಜವಾಬ್ದಾರಿ ನನಗೆ, ಕೋಟಿಗೆ ದ್ರಾಕ್ಷಿ ಗೊಂಚಲಿನ ಒಂದು ಬಿಲ್ಲೆ ಕೊಡುತ್ತಾರಂತೆ. ಆಸ್ವಾಲ್ಡ್‌ಗೆ ಹೊಟ್ಟೆಕಿಚ್ಚಿಲ್ಲ, ಅವನಿಗೆ ಲೆಕ್ಕದ ಕೆಲಸ ಕಡಿಮೆಯಾಯಿತೆಂದು ಖುಷಿ. ಎಲ್ಲರೂ ನನ್ನ ಕೈ ಕುಲುಕಿದರು. ನನ್ನ ಮೂಗಿಗೆ ಆ ವಾಸನೆ ಎಲ್ಲಿಂದ ಪರಿಚಯ ಎಂದು ಅವರಿಗೆ ಏನು ಗೊತ್ತು? ಬೈನೆ ಮರದ ಹೊಸ ಕಳ್ಳಿಗೂ ಸುರಗಿಯದ್ದೇ ಪರಿಮಳ, ಜೇನಿನದ್ದೇ ಪರಿಮಳ. ಬಿಲ್ಲೆಯನ್ನು ತೆಗೆದುಕೊಳ್ಳುವುದೋ ಬಿಡುವುದೋ ಇನ್ನೂ ತೀರ್ಮಾನಿಸಿಲ್ಲ. ಅದಕ್ಕಿಂತ ದೊಡ್ಡ ತೀರ್ಮಾನ ಅಮ್ಮನ ಕಾಗದದಲ್ಲಿದೆ. ಗರಡಿಯ ಮಡಕೆಯನ್ನು ನಾನು ಹಿಡಿಯಲಾರೆ. ಯಾಕೆಂದು ಅಮ್ಮ ಕೇಳಿಯೇ ಕೇಳುತ್ತಾಳೆ.

ಆಸ್ವಾಲ್ಡ್ ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದಾನೆ. ಅವನ ಕೈಯಲ್ಲಿ ನಿನಗೆ ಉಣ್ಣೆಯ ಮೊಣಕಾಲು ಪಟ್ಟಿ, ಅಮ್ಮನಿಗೆ ಖರ್ಜೂರ, ಹರಿಣಾಕ್ಷಿಗೆ ಬಣ್ಣದ ಪೆನ್ಸಿಲು ಕಳಿಸಿದ್ದೇನೆ. ಅಮ್ಮನ ಕಾಲಿಗೆ ಬೀಳುತ್ತೇನೆ. ಪದ್ಮಮ್ಮನ ಮನೆಯವರಿಗೆಲ್ಲ ನೆನಪು ಹೇಳಿದ್ದೇನೆ. ಮಗಳಿಗೆ ಮುತ್ತು. ನಿನ್ನ ಕಾಲಿನ ನೋವು ನನಗೆ ಬರಲಿ ಎಂದು ಕೇಳಿಕೊಳ್ಳುವುದು ಬಿಟ್ಟು ನನ್ನಿಂದ ಬೇರೇನೂ ಆಗಿಲ್ಲ ಅಣ್ಣಾ.

ನಿನ್ನ ತಮ್ಮ,
ಸಂಕಪ್ಪ

ತಾ.ಕ.: ಮೋಹಿನೀ, ನನ್ನ ಹೆಸರು ಬಂತೆಂದು ಕಾಗದ ಮಡಿಸಬೇಡ. ಟ್ಯಾಕ್ಸಿ ಬಂದು ಕೆಳಗೆ ನಿಂತಿದೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ಇನ್ನು ಮುಂದಿನದನ್ನು ಅಮ್ಮನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದು. ಪದ್ಮಮ್ಮ ಎದ್ದಿದ್ದರೆ ಕೈ ಹಿಡಿದು ಕೂರಿಸು, ಇದು ಸೇತುವೆಯ ಆಚೆಗೂ ಮುಟ್ಟಬೇಕು. ಆ ಕಳ್ಳು ಕುಡಿದವನು ನಾನು. ಅಣ್ಣ ಕುಡಿಯಲಿಲ್ಲ. ಅಣ್ಣ ಎದ್ದೇಳುವ ಮೊದಲೇ ನಾನು ಮರ ಹತ್ತಿ ಅರ್ಧ ಮಡಕೆ ಕುಡಿದು ಇಳಿದಿದ್ದೆ. ಅಮ್ಮಾ, ನಂಬಿಕೆ ಬಾರದಿದ್ದರೆ ಇದರೊಳಗಿನ ಸಣ್ಣ ಪೊಟ್ಟಣ ಬಿಚ್ಚಿ ನೋಡು. ಅದು ನನ್ನ ಶಾಲೆಯ ಅಂಗಿಯ ಗುಂಡಿ. ಮರದ ತುದಿಯಲ್ಲಿ ಅಣ್ಣನಿಗೆ ಸಿಕ್ಕಿತ್ತು. ಆಸ್ಪತ್ರೆಯಿಂದ ಬಂದ ದಿನ ಅದನ್ನು ನನ್ನ ಅಂಗೈಯಲ್ಲಿಟ್ಟು ‘ಹೊಲಿಸಿಕೋ’ ಎಂದ. ನಾನು ಹೊಲಿಸಲಿಲ್ಲ.

ಅಣ್ಣಾ, ಇಷ್ಟು ನಿನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ಅವಸರದಲ್ಲಿ ಇಳಿಯುವಾಗ ನನ್ನ ಕಾಲು ಸಿಕ್ಕಿ ಗಳದ ಮೇಲಿನ ಕಟ್ಟು ಸಡಿಲವಾಯಿತು. ನನಗೆ ತಿಳಿದಿತ್ತು. ನೀನು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹೊರಟಾಗ ನಾನು ಬಾವಿಕಟ್ಟೆಯ ಹತ್ತಿರ ಬಾಯಿಯ ವಾಸನೆ ಹೋಗಲೆಂದು ಎರಡನೆಯ ಸಲ ಹಲ್ಲುಜ್ಜುತ್ತಿದ್ದೆ. ಕಟ್ಟು ಸಡಿಲ ಇದೆ ಎಂದರೆ ಹತ್ತಿದ್ದು ಗೊತ್ತಾಗುತ್ತದೆ ಎಂದು ಹೇಳಲಿಲ್ಲ. ನಿನ್ನ ಹಿಂದೆಯೇ ಬಂದು ಮರದ ಕೆಳಗೆ ಸುಮ್ಮನೆ ನಿಂತೆ. ನೀನು ‘ಯಾನೇ’ ಎಂದದ್ದು ಕುಡಿದ ತಮ್ಮನನ್ನು ಉಳಿಸಲು. ನಿನ್ನ ಕಾಲು ಮುರಿದವನೂ ಅದೇ ತಮ್ಮ ಎಂದು ನಿನಗೆ ಗೊತ್ತಿರಲಿಲ್ಲ.

ಮಡಕೆಯನ್ನು ನೀನೇ ಹಿಡಿಯಬೇಕು. ಎರಡೂ ಕೈಯಲ್ಲಿ ಹಿಡಿದರೆ ಕೋಲು ಹಿಡಿಯುವುದು ಹೇಗೆ ಎಂದು ನೀನು ನೆವ ತೆಗೆಯುತ್ತೀ. ನಾನು ನಿನ್ನ ಎಡಗಡೆಗೆ ನಡೆಯುತ್ತೇನೆ, ಭಾರವನ್ನು ನನ್ನ ಹೆಗಲ ಮೇಲೆ ಬಿಡು. ಆದರೆ ಇದನ್ನು ಕೇಳಿದ ಮೇಲೆ ನನ್ನ ಮುಖ ನೋಡಲು ನಿನಗೆ ಮನಸ್ಸಾಗುತ್ತದೋ ಇಲ್ಲವೋ ನನಗೆ ತಿಳಿಯದು. ರಜೆಯ ಅರ್ಜಿ ಬರೆದು ಇಟ್ಟಿದ್ದೇನೆ, ಕೊಟ್ಟಿಲ್ಲ. ಮೋಹಿನಿಯ ಕೈಯಲ್ಲಿ ಬಾ ಎಂತಲೋ ಬೇಡ ಎಂತಲೋ ಒಂದೇ ಮಾತು ಬರೆಸು.